ಕರಡಿಗೆಯನ್ನು ಟ್ರೇಯಲ್ಲಿ ಇಡಿ

ಕಡಕ್ ರೊಟ್ಟಿಯನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಸೂಟ್‌ಕೇಸಿನಲ್ಲಿ ಇಡಿ. ಅದೂ ಬಟ್ಟೆಗಳ ನಡುವೆ ಅಲ್ಲ, ಸ್ಟೀಲ್ ಡಬ್ಬಿಯಲ್ಲಿ. ಬಟ್ಟೆಯ ನಡುವೆ ಇಟ್ಟರೆ ಅಲ್ಲಿ ಹೋಗಿ ಇಳಿಯುವ ಹೊತ್ತಿಗೆ ರೊಟ್ಟಿಯ ನುಚ್ಚು ಸೀರೆಯ ಮಡಿಕೆಯಲ್ಲೆಲ್ಲ ಸೇರಿಕೊಂಡಿರುತ್ತದೆ. ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ ಅಡ್ಡಿಯಿಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ಕಸಿದುಕೊಳ್ಳುತ್ತಾರೆ. ಒಣ ಕೊಬ್ಬರಿಯನ್ನಂತೂ ಮನೆಯಲ್ಲೇ ಬಿಟ್ಟು ಹೋಗಿ. ಅದರಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತುತ್ತದೆ ಎಂದು ವಿಮಾನದವರಿಗೆ ಕೊಬ್ಬರಿ ಕಂಡರೆ ಜೀವಭಯ. ನಮ್ಮ ಕೊಬ್ಬರಿ ಬಟ್ಟಲನ್ನು ಒಬ್ಬ ದಪ್ಪ ಮೀಸೆಯ ಮನುಷ್ಯ ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟದ್ದನ್ನು ನಾನೇ ನೋಡಿದ್ದೇನೆ.

ಇದನ್ನೆಲ್ಲ ಮೊನ್ನೆ ಹೇಳಿದ್ದು ತಿರ್ಲಾಪುರದ ಗೊಬ್ಬರದಂಗಡಿಯವನ ಹೆಂಡತಿಗೆ. ಅವಳು ನವಲಗುಂದದ ನಮ್ಮ ಅಂಗಡಿಗೆ ಬಂದು, ಯೂರಿಯಾ ಚೀಲದ ಮೇಲೆಯೇ ಕೂತು, "ಏನೇನ್ ತಗೊಂಡ ಹೋಗಬೇಕ್ರಿ ಅಕ್ಕಾರ? ಏನೇನ್ ಬಿಡಬೇಕ್ರಿ?" ಎಂದು ಕೇಳಿದಳು. ನಮ್ಮ ಮನೆ ಮೊರಬದಲ್ಲಿ, ಬೀಜ ಗೊಬ್ಬರದ ಅಂಗಡಿ ನವಲಗುಂದದಲ್ಲಿ. ಈ ಕಡೆ ಬೀಜ ಹೆಚ್ಚು ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯವರು ವರ್ಷಕ್ಕೊಮ್ಮೆ ಪರದೇಶದ ಸಮುದ್ರದ ದಂಡೆಗೆ ಕರೆದುಕೊಂಡು ಹೋಗುತ್ತಾರೆ. ಮೊದಮೊದಲು ಗಂಡಸರನ್ನಷ್ಟೇ ಒಯ್ಯುತ್ತಿದ್ದರು. ಅವರು ಹೋಗಿ ಬಂದು ಏನೂ ಹೇಳದೆ ಮುಸಿಮುಸಿ ನಗುತ್ತಿದ್ದರು. ಹೆಂಡಂದಿರು ಗದ್ದಲ ಎಬ್ಬಿಸಿದ ಮೇಲೆ ಜೋಡಿ ಟೂರ್ ಶುರುವಾಯಿತು. ಒಂದೇ ಒಂದು ಸಲ ಹೋಗಿ ಬಂದ ನಾನು ಈಗ ಈ ಭಾಗಕ್ಕೆಲ್ಲ ಸಮುದ್ರದ ಪಂಡಿತಳು. ಹೊಲದ ಬದು ದಾಟದವರೂ ಬಂದು ಕೇಳುತ್ತಾರೆ, ನಾನೂ ಹೇಳುತ್ತೇನೆ.

ನಾನು ಹೋಗಿದ್ದು ಗಂಡನ ಜೊತೆ ಅಲ್ಲ, ಅತ್ತೆಯ ಜೊತೆ. ಅದನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು.

ಆ ವರ್ಷ ಹೆಸರು ಕೊಯ್ಲಿನ ಹೊತ್ತಿಗೆ ನನ್ನ ಗಂಡ ಅಂಗಡಿಯಲ್ಲೇ ಕುಸಿದು ಬಿದ್ದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು, ಆಮೇಲೆ ಇರಲಿಲ್ಲ. ಮಣ್ಣು ಮಾಡಿ ಎಲ್ಲ ಮುಗಿದ ಮೇಲೆ ಕಂಪನಿಯ ಸಾಹೇಬ ಮನೆಗೆ ಬಂದ. ಒಳ್ಳೆಯ ಹುಡುಗನೇ. ಕುರ್ಚಿಯ ತುದಿಗೆ ಕೂತು, ಚಹಾ ಮುಟ್ಟದೆ, "ಸರ್‌ದು ಥಾಯ್ಲೆಂಡ್ ಟೂರ್ ಆಗಿತ್ತು ಮೇಡಂ. ಎರಡು ಸೀಟು ಹಂಗ ಅದಾವು. ಮನ್ಯಾಗ ಯಾರರ ಹೋಗೂದಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದ. ನಾನು ಬೇಡ ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ನಾವಿಬ್ರೂ ಹೋಗತೇವಿ ಅಂತ ಹೇಳು."

ಅತ್ತೆಗೆ ಆಗ ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಯಾರೆಂದು ದನಿಯಿಂದ ಗುರುತು ಹಿಡಿಯುತ್ತಿದ್ದರು. ಸಾಹೇಬ ಹೋದ ಮೇಲೆ ನಾನು, "ಜನ ಏನ್ ಅಂದಾರ್ರಿ?" ಎಂದೆ. ನಮ್ಮ ಮತದಲ್ಲಿ ಸೂತಕವಿಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಮಠದ ಹೊರಗೆ ಬಂದರೆ ಎಲ್ಲ ಇದೆ. ಅತ್ತೆ ತಲೆ ಕೂಡ ಎತ್ತಲಿಲ್ಲ. "ಅಂವನ ಬೀಜಾ ಜನಾ ಬಂದು ಮಾರಿದ್ರೇನು? ದುಡದಂವ ಅಂವ. ಅಂವ ನೋಡೂದನ್ನ ನಾವ ನೋಡೂಣು." ಅಷ್ಟು ಹೇಳಿ ಕಣ್ಣಿನ ಆಪರೇಶನ್ನಿಗೆ ಹೆಸರು ಹಚ್ಚಿಸು ಎಂದರು. ಅಷ್ಟು ವರ್ಷ ಮಗ ಹೇಳಿದರೂ ಒಪ್ಪದವರು, ಸಮುದ್ರ ನೋಡುವುದಕ್ಕೆ ಕಣ್ಣಾದರೂ ಬೇಕಲ್ಲ ಎಂದು ಒಪ್ಪಿದರು. ನನ್ನ ಮಗಳು ಧಾರವಾಡದಿಂದ ಓಡಾಡಿ ಇಬ್ಬರ ಪಾಸ್‌ಪೋರ್ಟ್ ಮಾಡಿಸಿದಳು. ನಾನು ಎಲ್ಲದಕ್ಕೂ ಹೂಂ ಅಂದೆ.

ಆಗಿನ ನನ್ನ ಸ್ಥಿತಿಯನ್ನು ಹೇಳಿಬಿಡುತ್ತೇನೆ. ನನಗೆ ಏನೂ ಅನಿಸುತ್ತಿರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲಿಗೆ ಜೋಮು ಹಿಡಿದಿರುತ್ತದಲ್ಲ, ಚಿವುಟಿದರೂ ತಿಳಿಯುವುದಿಲ್ಲ, ಹಾಗೆ ಇಡೀ ಮೈ ಆಗಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮೊರಬದಲ್ಲೆಲ್ಲ ಹೆಸರು. ಆ ಸಿಟ್ಟು ಕೂಡ ಎಲ್ಲೋ ಹೋಗಿತ್ತು. ಹಾಲು ಉಕ್ಕಿ ಒಲೆ ಆರುವುದನ್ನು ನಿಂತು ನೋಡುತ್ತಿದ್ದೆ. ಅತ್ತೆ ದಿನಾ ಬೆಳಿಗ್ಗೆ, "ಪೂಜಾ ಆತೇನ?" ಎಂದು ಕೇಳುತ್ತಿದ್ದರು. ಆತ್ರಿ ಅನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ಕೊರಳಲ್ಲಿದ್ದ ಕರಡಿಗೆಯನ್ನು ನಾನು ಆ ದಿನಗಳಲ್ಲಿ ಒಮ್ಮೆಯೂ ತೆರೆದಿರಲಿಲ್ಲ.

ಕರಡಿಗೆ ಅಂದರೆ ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಮೊದಲು ಅದು ತೊಟ್ಟಿಲಲ್ಲಿ ಇರುತ್ತದೆ, ಬೆಳೆದ ಮೇಲೆ ಕೊರಳಿಗೆ ಬರುತ್ತದೆ. ದಿನಾ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಆಮೇಲೆ ತುತ್ತು. ಒಬ್ಬರ ಲಿಂಗ ಇನ್ನೊಬ್ಬರಿಗೆ ಬರುವುದಿಲ್ಲ. ಸತ್ತಾಗ ಅವರವರ ಲಿಂಗವನ್ನು ಅವರವರ ಎಡಗೈಯಲ್ಲಿಟ್ಟೇ ಮಣ್ಣು ಕೊಡುತ್ತಾರೆ. ನನ್ನ ಗಂಡನದೂ ನನ್ನದೂ ಕರಡಿಗೆ ಮದುವೆಯಲ್ಲಿ ಒಂದೇ ಅಂಗಡಿಯಲ್ಲಿ, ಒಂದೇ ಅಚ್ಚಿನಲ್ಲಿ ಮಾಡಿಸಿದ್ದು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಒಯ್ಯುವಾಗ ಮೈಮೇಲೆ ಬೆಳ್ಳಿ ಇರಬಾರದು ಎಂದು ಅವರದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಲ್ಲಿಡುವುದು? ನನ್ನ ಕೊರಳಿಗೇ ಹಾಕಿಕೊಂಡೆ. ಅವರು ಮತ್ತೆ ಕಣ್ಣು ಬಿಡಲಿಲ್ಲ, ಎರಡೂ ಕರಡಿಗೆ ನನ್ನ ಕೊರಳಲ್ಲೇ ಉಳಿದವು. ಸಮಾಧಿಯ ಮುಂದೆ ಅಯ್ಯನವರು "ಲಿಂಗ ಕೊಡ್ರಿ" ಎಂದಾಗ ನಾನು ಕಂಬದ ಹಾಗೆ ನಿಂತಿದ್ದೆ. ಅತ್ತೆ ನನ್ನ ಕೊರಳಿಗೆ ಕೈ ಹಾಕಿ ಒಂದು ದಾರ ತೆಗೆದು ಕೊಟ್ಟರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವಲ್ಲಿ ಬೆಲ್ಟು, ವಾಚು, ಕರಡಿಗೆ ಎಲ್ಲವನ್ನೂ ಪ್ಲಾಸ್ಟಿಕ್ ಟ್ರೇಯಲ್ಲಿ ಇಡಬೇಕು. ವಾದ ಮಾಡಬೇಡಿ. ದೇವರು ಅಂತ ಹೇಳಿದರೆ ಅವರೂ ಕೈ ಮುಗಿಯುತ್ತಾರೆ, ಆದರೆ ಟ್ರೇಯಲ್ಲಿ ಇಡಿಸದೆ ಬಿಡುವುದಿಲ್ಲ. ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಬೇರೆ ದಾರಿಯಿಂದ ಮುಂದೆ ಒಯ್ದಿದ್ದರು. ನನ್ನ ಕರಡಿಗೆ ಮಷಿನ್ನಿನಿಂದ ಹೊರಬಂದಾಗ ಅಲ್ಲಿದ್ದ ಹೆಣ್ಣುಮಗಳು ಹಿಂದಿಯಲ್ಲಿ, ತೆರೆದು ತೋರಿಸಿ ಎಂದಳು. ತೆರೆದೆ.

ಒಳಗೆ ಇದ್ದದ್ದು ನನ್ನ ಗಂಡನ ಲಿಂಗ.

ತಪ್ಪುವ ಮಾತೇ ಇಲ್ಲ. ಹುಡುಗನಾಗಿದ್ದಾಗ ಬಾವಿಯಲ್ಲಿ ಈಜಲು ಹೋಗಿ ಮೆಟ್ಟಿಲಿಗೆ ಬಡಿದು ಅವರ ಲಿಂಗದ ಕೆಳಗಿನ ಅಂಚು ಮುಕ್ಕಾಗಿತ್ತು. ಬೇರೆ ಕೊಡುತ್ತೇನೆ ಎಂದು ಅಯ್ಯನವರು ಹೇಳಿದರೂ ಹುಡುಗ ಒಪ್ಪದೆ ಅತ್ತು ರಂಪ ಮಾಡಿದ್ದನಂತೆ. ಕಡೆಗೆ ಅತ್ತೆಯೇ ಆ ಮುಕ್ಕಿಗೆ ಕರೀ ಅಂಟು ತುಂಬಿ ಸರಿ ಮಾಡಿದ್ದರು. ಆ ಅಂಟಿನ ಗುರುತನ್ನು ನಾನು ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ನೋಡಿದ್ದೆ. ಅಂದರೆ ನನ್ನ ಲಿಂಗ ಮೊರಬದ ಮಣ್ಣಿನಲ್ಲಿ, ಅವರ ಕೈಯಲ್ಲಿ ಇತ್ತು. "ಓಕೆ, ಬಂದ್ ಮಾಡಿ" ಎಂದಳು ಹೆಣ್ಣುಮಗಳು. ಮುಚ್ಚಿ ಕೊರಳಿಗೆ ಹಾಕಿಕೊಂಡೆ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಹಿಂದಿನವರು ನೂಕುತ್ತಿದ್ದರು, ಚಪ್ಪಲಿ ಹುಡುಕಿ ಹಾಕಿಕೊಂಡೆ.

ಒಂದು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಇದು ಅತ್ತೆಗೆ ಗೊತ್ತಾಗಬಾರದು. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿಯದ ಹೆಂಗಸು. ತನ್ನ ಮಗನನ್ನು ಬೇರೆಯವರ ಲಿಂಗ ಕೊಟ್ಟು ಕಳಿಸಿದ್ದು, ಅದೂ ತನ್ನ ಕೈಯಾರೆ, ಎಂದು ತಿಳಿದರೆ ಆಕೆ ಅನ್ನ ಬಿಡುತ್ತಾರೆ. ಅನ್ನ ಬಿಟ್ಟರೆ ಆ ವಯಸ್ಸಿನಲ್ಲಿ ಎಷ್ಟು ದಿನ? ಮನೆಯಲ್ಲಿ ಉಳಿದದ್ದು ನಾವಿಬ್ಬರೇ ಹೆಂಗಸರು.

ವಿಮಾನದಲ್ಲಿ ಕಿವಿ ಕಟ್ಟುತ್ತದೆ, ಪೆಪ್ಪರಮೆಂಟು ಚೀಪಿ. ಅಲ್ಲಿ ಇಳಿದ ಮೇಲೆ ಅಧಿಕಾರಿಗಳು ಮುಖ ನೋಡಿ ಫೋಟೊ ನೋಡುತ್ತಾರೆ, ನಗಬೇಡಿ. ಹೋಟೆಲಿನ ಬಚ್ಚಲಲ್ಲಿ ಬಕೆಟ್ ಇರುವುದಿಲ್ಲ, ಚರಿಗೆಯೂ ಇಲ್ಲ. ಮನೆಯಿಂದ ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ. ಶವರಿನ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೆ ಒಮ್ಮೆಲೇ ಸುಡು ನೀರು ಬರುತ್ತದೆ, ದೂರ ನಿಂತು ತಿರುಗಿಸಿ. ಬೆಳಗಿನ ನಾಷ್ಟಾದಲ್ಲಿ ಏನು ಏನೆಂದು ಮೂಸಿದರೆ ತಿಳಿಯುವುದಿಲ್ಲ. ಕಾಯಿಪಲ್ಲೆಯ ಸಾರು ಅನಿಸಿದ್ದರಲ್ಲೂ ಮೀನಿನ ರಸ ಹಾಕಿರುತ್ತಾರೆ. ಶುದ್ಧ ಸಸ್ಯಾಹಾರಕ್ಕೆ ಅಲ್ಲಿನವರು "ಜೇ" ಅನ್ನುತ್ತಾರೆ, ಅದೊಂದು ಮಾತು ಕಲಿತಿರಿ. ಅಷ್ಟರ ಮೇಲೂ ಅನುಮಾನವಾದರೆ ಬಾಳೆಹಣ್ಣು ಇದೆ, ನಿಮ್ಮ ರೊಟ್ಟಿ ಡಬ್ಬಿ ಇದೆ.

ಜೋಡಿ ಟೂರ್ ಆದ್ದರಿಂದ ನಮಗೆ ಕೊಟ್ಟ ಕೋಣೆಯಲ್ಲಿ ಒಂದೇ ದೊಡ್ಡ ಮಂಚ. ಅದರ ಮೇಲೆ ಟವೆಲ್ ಮಡಿಚಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ಹಚ್ಚಿ ಕೂತಿದ್ದವು. ಸುತ್ತ ಗುಲಾಬಿ ಪಕಳೆ ಚೆಲ್ಲಿದ್ದರು. ಅತ್ತೆ ಹೊಸ ಕಣ್ಣು ಅರಳಿಸಿ ನೋಡಿದರು. "ಯಾರ ಪ್ರಸ್ಥಾಬೇ ಇದು?" ಎಂದರು. ಬೇರೆ ಸಮಯವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅತ್ತೆ ಪಕಳೆಗಳನ್ನು ಒಂದೂ ಬಿಡದೆ ಸೆರಗಿಗೆ ಆರಿಸಿಕೊಂಡು, "ಪೂಜಾಕ್ಕ ಆದ್ವು" ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಹಂಸ ಬಿಚ್ಚಿ ಮೈ ಒರೆಸಿಕೊಂಡರು.

ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಅತ್ತೆ ಬಹಳ ಹೊತ್ತು ನಿಂತು ನೋಡಿ, "ನಮ್ಮ ಎರಿ ಹೊಲಾ ಇದ್ದಂಗ ಐತಿ. ಬದು ಹಾಕಿಲ್ಲ ಅಷ್ಟ" ಎಂದರು. ನವಲಗುಂದದ ಕಡೆಯ ಕರಿಮಣ್ಣಿನ ಬಯಲು ನೋಡಿದವರಿಗೆ ಅಷ್ಟು ದೂರ ಕಣ್ಣು ಹಾಯುವುದು ಹೊಸದಲ್ಲ. ನನಗೆ ಸಮುದ್ರ ನೋಡಿ ಏನನಿಸಿತು ಎಂದು ಎಲ್ಲರೂ ಕೇಳುತ್ತಾರೆ. ಚಲೋ ಇತ್ತು ಅನ್ನುತ್ತೇನೆ. ನೀರು ಇತ್ತು, ಬರುತ್ತಿತ್ತು, ಹೋಗುತ್ತಿತ್ತು. ನನ್ನ ಗಂಡನಿಗೆ ಸಮುದ್ರದ ಹುಚ್ಚು. ಮೊಬೈಲಿನಲ್ಲಿ ಅಲೆಯ ವಿಡಿಯೊ ಹಾಕಿ ಹೆಸರು ಒಕ್ಕುವಾಗಲೂ ನೋಡುತ್ತಿದ್ದರು. ಆ ಮನುಷ್ಯನ ಬದಲು ನಾನು ಇಲ್ಲಿ ನಿಂತಿದ್ದೇನೆ, ನನಗೆ ಇದು ದಂಡ ಎಂದು ಅನಿಸಿತು. ಆಗ ಅನಿಸಿದ್ದು ಅದೊಂದೇ.

ಮೊದಲ ಎರಡು ದಿನ ಕಂಪನಿಯವರು ತಿರುಗಾಡಿಸಿದರು. ದೋಣಿ, ದೇವಸ್ಥಾನ, ಆನೆ. ಗುಡಗೇರಿಯ ಅಂಗಡಿಯವನ ಹೆಂಡತಿ ಊರಿನಲ್ಲಿ ತಲೆಯ ಮೇಲಿನ ಸೆರಗು ಇಳಿಸದವಳು, ಅಲ್ಲಿ ಮೊಣಕಾಲಿನ ತನಕದ ಹೂವಿನ ಫ್ರಾಕು ಹಾಕಿಕೊಂಡು ಬಂದಳು. ಗಂಡಸರು ಮೂಗು ಮುರಿದರು. ಅತ್ತೆ ಮಾತ್ರ, "ಗಾಳಿಗೆ ಚಲೋ ಇರತೈತಿ ತಗೋ" ಎಂದರು. ನಾನು ಎಲ್ಲರ ಜೊತೆ ಹತ್ತಿದೆ, ಇಳಿದೆ, ಫೋಟೊಕ್ಕೆ ನಿಂತೆ. ಒಳಗೆ ಒಂದೇ ಲೆಕ್ಕಾಚಾರ ನಡೆದಿತ್ತು. ಈ ಲಿಂಗವನ್ನು ಯಾರಿಗೂ ಕಾಣದ ಹಾಗೆ ಸಮುದ್ರಕ್ಕೆ ಬಿಟ್ಟುಬಿಡುವುದು. ಪೂಜೆಯ ವಸ್ತುವನ್ನು ನೀರಿಗೆ ಬಿಟ್ಟರೆ ದೋಷವಿಲ್ಲ. ಊರಿಗೆ ಹೋಗಿ ಅಯ್ಯನವರ ಹತ್ತಿರ, ನನ್ನದು ಅಲೆಗೆ ಹೋಯಿತು ಎಂದು ಹೇಳಿ ಹೊಸದು ಕಟ್ಟಿಸಿಕೊಳ್ಳುವುದು. ಅತ್ತೆ ಬೈಯುತ್ತಾರೆ, ಬೈಯಲಿ. ನನಗೆ ಬೈದರೆ ಅವರು ಅನ್ನ ಬಿಡುವುದಿಲ್ಲ.

ಸಮುದ್ರದ ದಂಡೆಯಲ್ಲಿ ಬಾವುಟ ನೆಟ್ಟಿರುತ್ತಾರೆ. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬೇಡಿ. ಅಲೆ ಮೇಲೆ ಸಣ್ಣದಾಗಿ ಕಂಡರೂ ಕೆಳಗಿನಿಂದ ಕಾಲು ಎಳೆಯುತ್ತದೆ. ಇದನ್ನು ಕಂಪನಿಯ ಸಾಹೇಬ ನಮಗೆ ಬಸ್ಸಿನಲ್ಲಿ ಮೈಕ್ ಹಿಡಿದು ಹೇಳಿದ್ದ. ಮೂರನೆಯ ದಿನ ಬೆಳಿಗ್ಗೆ ಕೆಂಪು ಬಾವುಟ ಇತ್ತು. ಅತ್ತೆಯನ್ನು ದಂಡೆಯ ಮೇಲೆ ಛತ್ರಿಯ ಕೆಳಗಿನ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಉಪ್ಪುನೀರು ಸಿಡಿಯಬಾರದು ಎಂದು ಕಪ್ಪು ಕನ್ನಡಕ ಹಾಕಿಸಿ, ಕಾಲು ತೋಯಿಸಿಕೊಂಡು ಬರುತ್ತೇನೆ ಎಂದು ನಡೆದೆ. ಬಾವುಟ ನೋಡಿದೆ. ಕೆಂಪು ಎಂದುಕೊಂಡೆ. ಮುಂದೆ ಹೋದೆ.

ಮೊಣಕಾಲಿನ ತನಕ ನೀರು ಬಂದಾಗ ನಿಂತು ಕರಡಿಗೆ ತೆರೆದೆ. ಲಿಂಗವನ್ನು ಅಂಗೈಗೆ ಹಾಕಿಕೊಂಡೆ. ಹಿಂದೆ ಯಾರೋ ಸೀಟಿ ಊದುತ್ತಿದ್ದರು. ಇನ್ನೇನು ಕೈ ಬಗ್ಗಿಸಬೇಕು, ಒಂದು ಅಲೆ ಎದೆಗೆ ಹೊಡೆದು ನನ್ನನ್ನು ಕೆಡವಿತು. ಸೀರೆ ಕಾಲಿಗೆ ಸುತ್ತಿತು. ಬಾಯಿ, ಮೂಗು ಎಲ್ಲ ಉಪ್ಪು. ಎಷ್ಟು ಹೊತ್ತು ಉರುಳಿದೆನೋ ಗೊತ್ತಿಲ್ಲ. ಕೆಂಪು ಚಡ್ಡಿಯ ಇಬ್ಬರು ಹುಡುಗರು ರಟ್ಟೆ ಹಿಡಿದು ಎಳೆದು ತಂದು ಮರಳಿನ ಮೇಲೆ ಹಾಕಿದರು. ಅತ್ತೆ ಆ ವಯಸ್ಸಿನಲ್ಲಿ ಮರಳಿನಲ್ಲಿ ಓಡಿ ಬಂದಿದ್ದರು. ನನಗೆ ಉಸಿರು ಬಂದದ್ದು ನೋಡಿ ಕೆನ್ನೆಗೆ ಫಟ್ಟನೆ ಒಂದು ಬಾರಿಸಿದರು.

"ಸಾಯಾಕ ಹೊಂಟಿದ್ದೇನ? ಅಂವ ಹ್ವಾದಾ, ನೀನೂ ಹೊಕ್ಕಿ, ನಾ ಯಾರ ಮಾರಿ ನೋಡ್ಲಿ?"

"ಸಾಯಾಕಲ್ರಿ," ಎಂದೆ. ಆಗ ನನ್ನ ಎಡಗೈಯ ಕಡೆ ನನ್ನ ಗಮನ ಹೋಯಿತು. ಮುಷ್ಟಿ ಕಟ್ಟಿತ್ತು. ಬಿಡಲಿಕ್ಕೆಂದೇ ಹೋದವಳು ಬಿಟ್ಟಿರಲಿಲ್ಲ. ಬೆರಳು ಬಿಚ್ಚಲು ಆಗುತ್ತಿರಲಿಲ್ಲ. ಅತ್ತೆಯೇ ಒಂದೊಂದಾಗಿ ಬಿಡಿಸಿದರು. ಲಿಂಗ ನೋಡಿದರು. ಎತ್ತಿಕೊಂಡು ಹೆಬ್ಬೆರಳಿನಿಂದ ಕೆಳಗಿನ ಅಂಚನ್ನು ಸವರಿದರು. ಕಪ್ಪು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಇದು ನನ್ನ ಮಗಂದು," ಎಂದರು.

ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. ಅವರು ತಮ್ಮ ಬಲಗೈಯನ್ನು, ಅದು ಬೇರೆಯವರದೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನಾನ ತಗದ ಕೊಟ್ನಲ್ಲಬೇ ಅವತ್ತ."

"ನಿಮಗ ಕಣ್ಣ ಕಾಣತಿದ್ದಿಲ್ಲಲ್ರಿ ಆಗ."

"ಕಣ್ಣಿಗೆ ಬ್ಯಾಡ, ಕೈಗೆ ತಿಳೀಬೇಕಿತ್ತು. ನಾನ ಅಂಟ ಹಚ್ಚಿದ್ದು."

"ಡಬ್ಬಿ ಮುಚ್ಚಿತ್ತಲ್ರಿ," ಎಂದೆ.

ನಾನು ಹೆದರಿದ್ದೇ ಆಯಿತು. ಅತ್ತೆ ಅವತ್ತು ಕೋಣೆಗೆ ಬಂದವರು ಏನೂ ಮುಟ್ಟಲಿಲ್ಲ. ನೀರೂ ಇಲ್ಲ. ಬಾಗಿಲ ಕಡೆ ಬೆನ್ನು ಮಾಡಿ ಮಂಚದ ತುದಿಗೆ ಕೂತು, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಂದೇ ಮಾತು ಹೇಳಿದರು. "ಊರಿಗೆ ಹೋದಕೂಡಲೆ ಸಮಾಧಿ ತಗಸೋಣು. ಅಯ್ಯನೋರ ಮುಂದ ನಾನ ಹೇಳತೀನಿ. ಇದನ್ನ ಇಟ್ಟು ನಿಂದು ತರೋಣು." ನಾನು ಹೂಂ ಅಂದೆ. ಆ ದಿನಗಳಲ್ಲಿ ನಾನು ಕಲಿತಿದ್ದು ಅದೊಂದೇ ಅಕ್ಷರ. ಮೂರು ತಿಂಗಳ ಸಮಾಧಿಯನ್ನು ತೆಗೆದರೆ ಏನು ಕಾಣುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಅಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ತಮ್ಮ ಕೈಯಿಂದ ಆದದ್ದನ್ನು ತಮ್ಮ ಕೈಯಿಂದಲೇ ಸರಿ ಮಾಡಬೇಕು ಎಂದು ಆ ಜೀವ ಹಟ ಹಿಡಿದಿತ್ತು.

ಮಧ್ಯಾಹ್ನ ಸಾಹೇಬ ಬಂದು ಬಾಗಿಲು ಬಡಿದ. ಸಂಜೆ ದಂಡೆಯ ಮೇಲೆ ಪಾರ್ಟಿ, ಹಾಡು, ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಬರಬೇಕು ಎಂದ. ಮೈ ಆರಾಮಿಲ್ಲ ಎಂದು ಹೇಳಿ ಕಳಿಸಿದೆ. ಒದ್ದೆ ಸೀರೆಯನ್ನು ಬಾಲ್ಕನಿಯ ಕಟಾಂಜನದ ಮೇಲೆ ಹರವಿದೆ. ಹೋಟೆಲಿನ ಹುಡುಗಿ ಬಂದು ನಗುತ್ತಾ ಅದನ್ನು ತೆಗೆದು ಒಳಗೆ ಕೊಟ್ಟು ಹೋದಳು. ಅಲ್ಲಿ ಹೊರಗೆ ಬಟ್ಟೆ ಒಣಹಾಕಬಾರದು, ಬಚ್ಚಲಲ್ಲಿ ಎಳೆಯುವ ದಾರ ಇರುತ್ತದೆ. ಇದನ್ನೂ ನೆನಪಿಡಿ.

ಬಿಸಿಲು ಇಳಿಯುತ್ತಾ ಬಂದಾಗ ಅತ್ತೆ ಬೆನ್ನು ತಿರುಗಿಸದೆಯೇ ಕೇಳಿದರು. "ಅವನ ಕೈಯಾಗ ಇರೂದು ನಿಂದ ಹೌದಲ್ಲ?"

"ಹೌದ್ರಿ."

"ಖಾತ್ರಿ?"

"ನನ್ನ ಕೊಳ್ಳಾಗ ಎರಡ ಇದ್ವು. ಒಂದ ಇಲ್ಲೈತಿ."

ಕೆಳಗೆ ದಂಡೆಯಲ್ಲಿ ಹಾಡು ಶುರುವಾಗಿತ್ತು. ನಮ್ಮ ಕಡೆಯ ಗಂಡಸರು ಕೂಗಾಡುವುದು ಮೇಲಿನ ತನಕ ಕೇಳುತ್ತಿತ್ತು. ಅತ್ತೆ ಎದ್ದು ನನ್ನ ಎದುರಿಗೆ ಬಂದು ನೆಲದ ಮೇಲೆ ಕೂತರು.

"ಸಮಾಧಿ ತಗಸೂದ ಬ್ಯಾಡ," ಎಂದರು.

ಯಾಕೆ ಎಂದು ಅವರೇ ಹೇಳಿದರು.

"ನಿಂದನ್ನ ತಗದು ಇದನ್ನ ಇಡೂತನಕ ಅವನ ಕೈ ಬರೀದ ಇರತೈತಿ. ಬ್ಯಾಡ. ಹಿಡಕೊಂಡಾನ, ಹಿಡಕೊಳ್ಳಲಿ."

ಹಾಗೆ ಹೇಳುವಾಗ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಡಾಕ್ಟರು ಉಜ್ಜಬೇಡಿ ಎಂದಿದ್ದರಿಂದ ಅವರು ಉಜ್ಜಲೂ ಇಲ್ಲ. ನನಗೆ ಅಳು ಬರಲಿಲ್ಲ. ಬಂದರೆ ಹಗುರವಾಗುತ್ತಿತ್ತೇನೋ. ಆದರೆ ಎಲ್ಲೋ ಒಳಗೆ, ಜೋಮು ಬಿಡುವಾಗ ಚುಚ್ಚುತ್ತದಲ್ಲ, ಹಾಗೆ ಒಂದಿಷ್ಟು ಚುಚ್ಚಿತು. ನೋವು ಎಂದೇ ಹೇಳಬೇಕು.

"ಜಳಕಾ ಮಾಡಿ ಬಾ. ಪೂಜಾ ಮಾಡು," ಎಂದರು ಅತ್ತೆ. "ಆತ್ರಿ ಆತ್ರಿ ಅಂತ ದಿನಾ ಸುಳ್ಳ ಹೇಳೀದಿ, ನನಗೇನ್ ಗೊತ್ತಿಲ್ಲಂತ ಮಾಡೀಯೇನ?"

ಸ್ನಾನ ಮಾಡಿ ಬಂದೆ. ಅಷ್ಟರಲ್ಲಿ ಅತ್ತೆ ಕುಡಿಯುವ ನೀರಿನ ಬಾಟಲಿ ತೆರೆದು ಲಿಂಗದ ಮೇಲಿನ ಸಮುದ್ರದ ಉಪ್ಪನ್ನೆಲ್ಲ ತೊಳೆದಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಗುಲಾಬಿ ಪಕಳೆ ತೆಗೆದಿಟ್ಟಿದ್ದರು, ಅಂಚು ಕಪ್ಪಾಗಿತ್ತು. ನಾನು ನೆಲದ ಮೇಲೆ ಕೂತು ಎಡಗೈ ಚಾಚಿದೆ. ಅತ್ತೆ ಅವರ ಮಗನ ಲಿಂಗವನ್ನು ನನ್ನ ಅಂಗೈಯಲ್ಲಿ ಇಟ್ಟರು. ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ ಎಂಬ ಮಾತು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ. ವಿಭೂತಿ ಹಚ್ಚಿದೆ, ಪಕಳೆ ಏರಿಸಿದೆ. ನನ್ನದಕ್ಕಿಂತ ಅದು ತುಸು ಭಾರ. ಆ ಭಾರ ಕೈಗೆ ತಿಳಿಯಿತು. ಮೂರು ತಿಂಗಳಲ್ಲಿ ನನಗೆ ಸರಿಯಾಗಿ ತಿಳಿದದ್ದು ಅದೇ ಮೊದಲು.

ಆಮೇಲೆ ಸ್ಟೀಲ್ ಡಬ್ಬಿ ತೆಗೆದು ರೊಟ್ಟಿ, ಚಟ್ನಿ ಪುಡಿ ತಿಂದೆವು. ಕೆನೆಮೊಸರು ಇರಲಿಲ್ಲ. ಅತ್ತೆ ಒಂದು ಪೂರ್ತಿ ರೊಟ್ಟಿ ಮುರಿದು ತಿಂದು, ಮತ್ತೊಂದರಲ್ಲಿ ಅರ್ಧ ನನಗೆ ಕೊಟ್ಟರು. ಮರುದಿನ ಬೆಳಿಗ್ಗೆ ಹಸಿರು ಬಾವುಟ ಇತ್ತು. ಅತ್ತೆ ನನ್ನ ಕೈ ಹಿಡಿದುಕೊಂಡು ಪಾದ ಮುಳುಗುವಷ್ಟು ನೀರಿಗೆ ಇಳಿದು, ಮಗನ ಹೆಸರು ಹಿಡಿದು, "ನೋಡ್ಲೇ, ಬಂದೇನಿ" ಎಂದು ಸಮುದ್ರಕ್ಕೆ ಹೇಳಿದರು. ಅಲೆ ಬಂದು ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಅಲ್ಲಿ ನಿಲ್ಲುವಾಗ ಹಿಮ್ಮಡಿಯ ಮೇಲೆ ಭಾರ ಹಾಕಬೇಡಿ, ಬೀಳುತ್ತೀರಿ.

ಇದರಲ್ಲಿ ಅರ್ಧವನ್ನೂ ನಾನು ತಿರ್ಲಾಪುರದವಳಿಗೆ ಹೇಳಲಿಲ್ಲ. ಅವಳು ಮಗ್, ಪೆಪ್ಪರಮೆಂಟು, ರೊಟ್ಟಿ ಡಬ್ಬಿ ಎಲ್ಲ ಕೇಳಿಯಾದ ಮೇಲೆ ಎದ್ದು ನಿಂತು, ಹೊರಡುವಾಗ ಕೊರಳು ಮುಟ್ಟಿಕೊಂಡು ಕೇಳಿದಳು. "ಲಿಂಗಾ ಹಾಕ್ಕೊಂಡ ಹೋಗಬಹುದಿಲ್ರಿ?"

"ಹಾಕ್ಕೊಂಡ ಹೋಗು. ಟ್ರೇದಾಗ ಇಡು ಅಂತಾರ, ಇಡು. ಆದ್ರ ನಿಂದು ಒಂದ ಟ್ರೇ, ನಿನ್ನ ಗಂಡಂದು ಒಂದ ಟ್ರೇ. ಎರಡೂ ಒಂದರಾಗ ಹಾಕಬ್ಯಾಡ."

"ಹಂಗ ರೂಲ್ಸ್ ಐತೇನ್ರಿ ಅಲ್ಲಿ?"

"ಐತಿ," ಎಂದೆ.

ಅವಳು ಹೋದಳು. ನಾನು ಅಂಗಡಿಯ ಒಳಗೆ ಬಂದು ಕೂತೆ. ಅತ್ತೆ ಈಗಲೂ ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂತು ತಮ್ಮ ಪೂಜೆ ಮಾಡಿಕೊಳ್ಳುತ್ತಾರೆ. 'ಪೂಜಾ ಆತೇನ?' ಎಂದು ಕೇಳುವುದನ್ನು ಬಿಟ್ಟಿದ್ದಾರೆ, ಕಣ್ಣಿಗೆ ಕಾಣುತ್ತದಲ್ಲ. ನಮ್ಮಿಬ್ಬರನ್ನು ಬಿಟ್ಟರೆ ಈ ಮಾತು ಗೊತ್ತಿರುವುದು ಮಗಳಿಗೆ ಮಾತ್ರ. ಅವಳಿಗೆ ನಾನು ಹೇಳಿಟ್ಟಿದ್ದೇನೆ: ನಾನು ಹೋದಾಗ ಅಯ್ಯನವರು ಲಿಂಗ ಕೊಡ್ರಿ ಅಂತಾರೆ. ಗಡಿಬಿಡಿ ಮಾಡಬೇಡ, ಕರಡಿಗೆ ತೆರೆದು ನೋಡು, ಕೆಳಗಿನ ಅಂಚಿನಲ್ಲಿ ಅಂಟು ತುಂಬಿದ ಮುಕ್ಕು ಬೆರಳಿಗೆ ಹತ್ತಬೇಕು. ಮುಕ್ಕಾದದ್ದು ಬೇಡ, ಹೊಸದು ಕೊಡುತ್ತೇನೆ ಅಂದರೆ ಒಪ್ಪಬೇಡ. ನಿನ್ನ ಅಪ್ಪನೂ ಒಪ್ಪಿರಲಿಲ್ಲ. ಅದನ್ನೇ ನನ್ನ ಎಡಗೈಯಲ್ಲಿ ಇಟ್ಟು, ಬೆರಳುಗಳನ್ನು ನೀನೇ ಮಡಿಚು.